ಹೆಣೆದ ಜಡೆ ಬಿಚ್ಚಿಸುವ ಬೈರಮ್ಮ

ಗಂಟು ಮೊದಲು ಬಿದ್ದದ್ದು ಧನುರ್ಮಾಸದಲ್ಲಿ, ಪೂರ್ವಕ್ಕೆ ಇನ್ನೂ ಕೆಂಪು ಹತ್ತದ ಹೊತ್ತಿನಲ್ಲಿ. ಇಸವಿ 2003ರ ಕೊನೆ. ಸಾರಕ್ಕಿಯಿಂದ ಜೆ.ಪಿ. ನಗರದ ಒಳಕ್ಕೆ ಬರುವ ರಸ್ತೆಯಲ್ಲಿ ಹಾಲಿನ ವ್ಯಾನು ಬಂದು ಹೋಗಿತ್ತು, ಬೀದಿದೀಪ ಆರಿರಲಿಲ್ಲ. ಪಾರ್ಕಿನ ಮೂಲೆಯ ಅರಳಿಮರದ ಕೆಳಗೆ ವಯಸ್ಸಾದ ಎಂಟು ಜನ ಸ್ವೆಟರು, ಮಫ್ಲರು, ಮಂಕಿಕ್ಯಾಪು ಹಾಕಿಕೊಂಡು, ಎಂಟು ಹಗ್ಗ ಹಿಡಿದು ನಿಂತಲ್ಲೇ ನಿಂತುಬಿಟ್ಟಿದ್ದರು. ಹಿಂದಕ್ಕೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ಕೆಂಪು ಹಗ್ಗದ ಮೇಲೆ ಹಸಿರು ಹಗ್ಗ ಬಿಗಿದು ಕೂತಿತ್ತು.

ಬೈರಮ್ಮನ ದಿನ ಈಗಲೂ ಆ ಹೊತ್ತಿಗೇ ಶುರುವಾಗುತ್ತದೆ. ಗೇಟಿನ ಬೀಗ ತೆಗೆಯುತ್ತಾರೆ. ಉದ್ದ ಹಿಡಿಯ ಪೊರಕೆಯನ್ನು ಗೋಡೆಗೆ ಒರಗಿಸುತ್ತಾರೆ. ಕಂಕುಳಲ್ಲಿರುವ ಬಟ್ಟೆಚೀಲದಿಂದ ಹಗ್ಗಗಳನ್ನು ತೆಗೆದು, ತೋಟದ ಕೆಲಸದ ಏಣಿ ಹತ್ತಿ ಮರದ ಕವಲಿಗೆ ಕಟ್ಟುತ್ತಾರೆ. ಕಟ್ಟುವುದು ಅರಳಿಮರಕ್ಕಲ್ಲ, ಅದರಾಚೆಯ ಹೊಂಗೆಮರಕ್ಕೆ. ಕಟ್ಟುವಾಗ ಒಂದು ಸಲ ಹಿಂತಿರುಗಿ ಅರಳಿಮರವನ್ನು ನೋಡುವ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಪಾರ್ಕು ಗುಡಿಸುವುದು, ಗಿಡಕ್ಕೆ ನೀರು ಬಿಡುವುದು ಅವರ ಕೆಲಸ. ಗುತ್ತಿಗೆದಾರ ಬದಲಾದರೂ ಪೊರಕೆ ಹಿಡಿಯುವವರು ಬದಲಾಗಿಲ್ಲ. ವಯಸ್ಸು ಕೇಳಿದರೆ, "ಐವತ್ತು ದಾಟೈತೆ. ಎಷ್ಟು ದಾಟೈತೆ ಅಂತ ನಮ್ಮವ್ವನ್ನ ಕೇಳ್ಬೇಕಿತ್ತು, ಅವ್ಳಿಲ್ಲ" ಎನ್ನುತ್ತಾರೆ. ಸಂಬಳ ಈ ಕೆಲಸಕ್ಕೆ. ಹಗ್ಗದ ಕೆಲಸಕ್ಕೆ ಯಾರ ಸಂಬಳವೂ ಇಲ್ಲ. ಅದೇ ಎಲ್ಲರಿಗೂ ಅನುಮಾನ ತಂದ ಸಂಗತಿ.

ಸಾರಕ್ಕಿ ಇನ್ನೂ ಊರಾಗಿದ್ದಾಗ, ಕೆರೆಯ ಕೆಳಗೆ ಭತ್ತ ಬೆಳೆಯುತ್ತಿದ್ದಾಗ, ಬೈರಮ್ಮನ ಅಪ್ಪ ಜಡೆ ಕೋಲಾಟ ಹೇಳಿಕೊಡುತ್ತಿದ್ದರು. ಎತ್ತರದಲ್ಲಿ ಕಟ್ಟಿದ ಬಣ್ಣಬಣ್ಣದ ಹಗ್ಗಗಳ ತುದಿ ಒಬ್ಬೊಬ್ಬರ ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ಕೋಲು. ಅರ್ಧ ಜನ ಗುಡಿ ಸುತ್ತುವ ಹಾಗೆ ಬಲಸುತ್ತು ಬರುತ್ತಾರೆ, ಅರ್ಧ ಜನ ಅವರಿಗೆ ಎದುರಾಗಿ ಎಡಸುತ್ತು. ಎದುರಾದ ಒಬ್ಬರನ್ನು ಒಳಗಿನಿಂದ ದಾಟಿದರೆ ಮುಂದಿನವರನ್ನು ಹೊರಗಿನಿಂದ ದಾಟಬೇಕು. ದಾಟುವಾಗ ಕೋಲಿಗೆ ಕೋಲು ತಾಗಿಸಬೇಕು. ಹೀಗೆ ಸುತ್ತುತ್ತಾ ಹೋದರೆ ಹಗ್ಗಗಳು ಮೇಲಿನಿಂದ ಕೆಳಕ್ಕೆ ಜಡೆಯಾಗಿ ಹೆಣೆದುಕೊಳ್ಳುತ್ತವೆ. ಹೆಣೆಯುವುದು ಸಲೀಸು. ಬಿಚ್ಚುವುದೇ ಕಷ್ಟ. ಎಲ್ಲರೂ ಹಿಂದಕ್ಕೆ ತಿರುಗಿ, ಯಾರನ್ನು ಒಳಗಿನಿಂದ ದಾಟಿದ್ದರೋ ಅವರನ್ನು ಒಳಗಿನಿಂದಲೇ, ಹೊರಗಿನಿಂದ ದಾಟಿದ್ದವರನ್ನು ಹೊರಗಿನಿಂದಲೇ ದಾಟಿ ವಾಪಸ್ಸು ಬರಬೇಕು. ಒಬ್ಬರು ತಪ್ಪಿದರೆ ಎಲ್ಲರ ಹಗ್ಗವೂ ಸಿಕ್ಕು.

ಅದು ಗಂಡಸರ ಆಟ. ಹುಡುಗಿಯರ ಕೈಗೆ ಕೋಲು ಕೊಡುತ್ತಿರಲಿಲ್ಲ. ಹಳೆ ಸೀರೆ ಹರಿದು ಹಗ್ಗ ಹೊಸೆಯುವುದು, ಗಂಟು ಬಿದ್ದರೆ ಬಿಡಿಸುವುದು ಅವರ ಪಾಲಿನ ಕೆಲಸ. "ಗಂಟು ಬಿಡಿಸ್ತಾ ಬಿಡಿಸ್ತಾನೇ ಆಟ ಕಲ್ತಿದ್ದು. ಗಂಟು ನೋಡಿದ್ರೆ ಯಾವನು ಎಲ್ಲಿ ತಪ್ಪಿದ ಅಂತ ಹೇಳ್ಬೋದು" ಎಂದು ಬೈರಮ್ಮ ಹೇಳಿ, "ಹಂಗಂತ ಅಂದ್ಕೊಂಡಿದ್ದೆ" ಎಂದು ಸೇರಿಸುತ್ತಾರೆ.

ಊರು ಲೇಔಟಾಯಿತು. ಕೋಲಾಟದವರು ಗಾರೆ ಕೆಲಸಕ್ಕೆ, ಆಟೋ ಓಡಿಸುವುದಕ್ಕೆ ಹೋದರು. ಹಗ್ಗಗಳು ಬೈರಮ್ಮನ ಮನೆಯ ಅಟ್ಟದ ಮೇಲೆ ಉಳಿದವು.

ಪಾರ್ಕಿಗೆ ಬರುವ ದೊಡ್ಡವರಿಗೂ ಬೈರಮ್ಮನಿಗೂ ಮೊದಲಿನಿಂದ ಒಳ್ಳೆಯ ಮಾತುಕತೆಯೇನೂ ಇರಲಿಲ್ಲ. ತೊಂಬತ್ತೆಂಟರಲ್ಲೋ ಏನೋ, ವಾಕಿಂಗಿಗೆ ಬಂದ ಹೆಂಗಸೊಬ್ಬರ ಚಿನ್ನದ ಬಳೆ ಕಾಣೆಯಾಯಿತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಎಲ್ಲರ ಕಣ್ಣೂ ಬೈರಮ್ಮನ ಪೊರಕೆಯ ಕಡೆ ಹೋಯಿತು, ಕಸದ ಬುಟ್ಟಿಯ ಕಡೆ ಹೋಯಿತು, ಆಮೇಲೆ ಸೆರಗಿನ ಕಡೆ. ಬಳೆ ಸಿಕ್ಕಿದ್ದು ಆ ಹೆಂಗಸಿನ ಸ್ವೆಟರಿನ ತೋಳಿನೊಳಗೆ. ಮಾರನೆಯ ದಿನ ಅವರು ಒಂದು ಬಿಸ್ಕತ್ ಪೊಟ್ಟಣ ತಂದುಕೊಟ್ಟರು. "ಬಿಸ್ಕತ್ತು ನಾಯಿಗೆ ಹಾಕ್ದೆ. ಅದೂ ಮೂಸಿ ನೋಡಿ ತಿಂತು" ಎಂದು ಬೈರಮ್ಮ ನಗುತ್ತಾರೆ. ಅಂದಿನಿಂದ ಅವರೂ ಎಲ್ಲರನ್ನೂ ಮೂಸಿ ನೋಡುವುದನ್ನು ಕಲಿತರು. ಯಾರಾದರೂ ಚೆನ್ನಾಗಿದ್ದೀಯಾ ಎಂದು ಕೇಳಿದರೆ, ಇವರಿಗೆ ಏನು ಬೇಕಾಗಿದೆ ಎಂದೇ ಮೊದಲು ಯೋಚನೆ.

ಕೋಲಾಟ ಶುರುವಾದದ್ದು ಸೇತುರಾಮ ಅವರಿಂದ. ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು, ತೆಳ್ಳಗೆ, ಮೆತ್ತಗೆ ಮಾತಾಡುವವರು. ಒಮ್ಮೆ ಸಾರಕ್ಕಿ ಮಾರ್ಕೆಟ್ಟಿಗೆ ಸೊಪ್ಪು ತರಲು ಹೋಗಿ, ವಾಪಸ್ಸು ಬರುವ ದಾರಿ ತಪ್ಪಿ, ಬನಶಂಕರಿ ಕಡೆಯ ಬಸ್ ನಿಲ್ದಾಣದಲ್ಲಿ ಸೊಪ್ಪಿನ ಕಟ್ಟು ಹಿಡಿದು ಕೂತಿದ್ದರು. ಗುರುತಿನವರು ಕರೆದುಕೊಂಡು ಬಂದರು. ಡಾಕ್ಟರು ನೋಡಿ, ಇದು ಮರೆವಿನ ಮೊದಲ ಮೆಟ್ಟಿಲಿರಬಹುದು, ಇಲ್ಲದೆಯೂ ಇರಬಹುದು, ಸುಮ್ಮನೆ ಕೂರಬೇಡಿ ಎಂದರು. ದಿನಾ ಬೆವರು ಬರುವ ಹಾಗೆ ನಡೆಯಿರಿ, ನಾಲ್ಕು ಜನರ ಜೊತೆ ಬೆರೆಯಿರಿ, ಗೊತ್ತಿಲ್ಲದ್ದು ಏನಾದರೂ ಹೊಸದಾಗಿ ಕಲಿಯಿರಿ; ಕಾಲು ಆಡುತ್ತಿದ್ದರೆ ತಲೆಗೂ ಒಳ್ಳೆಯದು ಎಂದು ಹೇಳಿದ್ದರು. ಆ ದಿನದಿಂದ ಹೆಂಡತಿ ಕಾತ್ಯಾಯಿನಿ ಗಂಡನನ್ನು ಒಬ್ಬರನ್ನೇ ಎಲ್ಲಿಗೂ ಬಿಡಲಿಲ್ಲ. ಮನೆಯ ಗೇಟಿಗೆ ಹಗಲೂ ಬೀಗ. ಬೆಳಗಿನ ಪಾರ್ಕು ಒಂದೇ ಅವರಿಗೆ ಉಳಿದ ಹೊರಗು. ಅದಕ್ಕೂ ಹೆಂಡತಿ ಜೊತೆಗೆ.

ಒಂದು ಬೆಳಿಗ್ಗೆ ಬೆಂಚಿನ ಮೇಲೆ ಕೂತು, "ಈ ವಯಸ್ಸಲ್ಲಿ ಹೊಸದು ಏನು ಕಲೀಲಿ ಹೇಳಿ" ಎಂದು ಅವರು ಯಾರನ್ನೋ ಕೇಳುತ್ತಿದ್ದರು. ಎಲೆ ಗುಡಿಸುತ್ತಿದ್ದ ಬೈರಮ್ಮ ತಲೆ ಎತ್ತದೆ, "ಕೋಲಾಟ ಕಲೀರಿ ಸಾರ್" ಎಂದರು. ಹೇಳಿದ ಮೇಲೆ ಯಾಕೆ ಹೇಳಿದೆನೋ ಅಂತ ತಮಗೇ ಅನ್ನಿಸಿತಂತೆ.

"ಅದಕ್ಕೇನು ಕೊಡಬೇಕು?" ಎಂದು ಮೊದಲು ಕೇಳಿದವರು ಗುರುಬಸಪ್ಪ. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಹುಬ್ಬಳ್ಳಿ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ಅಷ್ಟು ದೂರದಿಂದ ನಡೆದೇ ಬರುತ್ತಾರೆ. ಟಿಕೆಟ್ ಇಲ್ಲದವರ ಮುಖ ನೋಡಿಯೇ ಹಿಡಿಯುತ್ತಿದ್ದೆ ಎಂಬ ಹೆಮ್ಮೆ ಇನ್ನೂ ಕಣ್ಣಿನಲ್ಲಿದೆ.

"ಏನೂ ಬೇಡ ಸಾರ್. ನಾನು ಗುಡ್ಸೋಕೆ ಮುಂಚೆ ಕುಣೀರಿ. ಗುಡ್ಸಿದ ಮೇಲೆ ಕುಣಿದ್ರೆ ಮಣ್ಣೆಲ್ಲಾ ಕಿತ್ಕೊಂಡು ಬರುತ್ತೆ."

"ಬರೇ ಅಷ್ಟ? ನಿಂದೇನೈತಿ ಇದರಾಗ? ಮುಂದ ಎಲೆಕ್ಷನ್ ಐತಿ. ಯಾರರ ಕಳಸ್ಯಾರೇನು ನಿನ್ನ?"

"ಎಲೆಕ್ಷನ್ಗೆ ಕಳ್ಸೋರು ಸೀರೆ ಕೊಟ್ಟು ಕಳಿಸ್ತಾರೆ ಸಾರ್. ನನ್ ಸೀರೆ ನೋಡಿ."

ಸೀತಮ್ಮ ಎಂಬ ದಪ್ಪ ಕನ್ನಡಕದ ಅಜ್ಜಿ ನಕ್ಕುಬಿಟ್ಟರು. ಮೊದಲು ಹಗ್ಗ ಹಿಡಿದವರೂ ಅವರೇ. ಸೇತುರಾಮ ಹಸಿರು ಹಗ್ಗ ಹಿಡಿದರು, ಕಾತ್ಯಾಯಿನಿ ಕೆಂಪು, ಗುರುಬಸಪ್ಪ ಹಳದಿ. ಇನ್ನು ನಾಲ್ವರು ಸೇರಿ ಎಂಟಾದರು.

ಆಗ ಹಗ್ಗ ಕಟ್ಟುತ್ತಿದ್ದದ್ದು ಪಾರ್ಕಿನ ನಡುವಿನ ಹಳೆಯ ದೀಪದ ಕಂಬಕ್ಕೆ. ಒಂದು ತಿಂಗಳು ಬರೀ ಕೋಲು ತಟ್ಟುವುದು, ಆಮೇಲೆ ಹಗ್ಗ ಹಿಡಿದು ಸುತ್ತುವುದು. ಬೈರಮ್ಮ ಹೊರಗೆ ನಿಂತು "ಒಳಗೆ... ಹೊರಗೆ... ಒಳಗೆ..." ಎಂದು ಕೂಗುವುದು. ಮೊಣಕಾಲು ಹಿಡಿದುಕೊಂಡು ಬರುತ್ತಿದ್ದವರು ಬೆವರು ಒರೆಸಿಕೊಂಡು ಹೋಗುವ ಹಾಗಾಯಿತು. ಮಳೆಗಾಲ ಕಳೆಯುವ ಹೊತ್ತಿಗೆ ಜಡೆ ಹೆಣೆದು, ಒಂದು ಸಿಕ್ಕೂ ಇಲ್ಲದೆ ಬಿಚ್ಚುವುದು ಬಂದಿತ್ತು. ಸೇತುರಾಮ ಅವರೂ ತಪ್ಪುತ್ತಿರಲಿಲ್ಲ. ಬೈರಮ್ಮನ ಹೆಸರು ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ. ಒಂದು ದಿನ ಭಾಗ್ಯಮ್ಮ, ಇನ್ನೊಂದು ದಿನ ಬೋರಮ್ಮ. "ಹೆಸರು ತಲೇಲಿರೋದು, ಹೆಜ್ಜೆ ಕಾಲಲ್ಲಿರೋದು. ಕಾಲು ಇನ್ನೂ ಗಟ್ಟಿ ಐತೆ ಸಾರ್ ನಿಮ್ದು" ಎಂದು ಬೈರಮ್ಮ ಸಮಾಧಾನ ಹೇಳುತ್ತಿದ್ದರು.

ಮಾರ್ಗಶಿರ ಕಳೆಯುವುದರೊಳಗೆ ನಡೆಯುವ ದಾರಿಗೆ ಕಲ್ಲು ಹಾಸುವವರು ಬಂದು ಆ ಕಂಬ ಕಿತ್ತರು. ಹಗ್ಗಗಳು ಮೂಲೆಯ ಅರಳಿಮರಕ್ಕೆ ಬಂದವು. ಕಟ್ಟೆ ಇಲ್ಲ, ನಾಗರಕಲ್ಲಿಲ್ಲ, ಎರಡು ಕೈಯಲ್ಲಿ ತಬ್ಬುವಷ್ಟು ಎಳೆಯ ಮರ. ಕಾತ್ಯಾಯಿನಿ ಮರದ ಕಡೆ ನೋಡಿ, "ಇದಕ್ಕೇನಾ ಕಟ್ಟೋದು?" ಎಂದು ಕೇಳಿದ್ದರು. "ಪೂಜಿ ಇಲ್ಲ, ಪುನಸ್ಕಾರ ಇಲ್ಲ, ಬರೇ ಗಿಡಾರೀ ಅದು, ಬರ್ರಿ" ಎಂದು ಗುರುಬಸಪ್ಪ ಹೇಳಿದರು. ಕಾತ್ಯಾಯಿನಿ ಕೆಂಪು ಹಗ್ಗದ ತುದಿ ಕೈಗೆ ತೆಗೆದುಕೊಂಡರು.

ಗಂಟು ಬಿದ್ದದ್ದು ಅದರ ಮಾರನೆಯ ದಿನ. ಅದರ ಮಾರನೆಯ ದಿನವೂ ಬಿತ್ತು. ಹೆಣೆಯುವಾಗ ಏನೂ ತೊಂದರೆಯಿಲ್ಲ. ಬಿಚ್ಚಲು ಹಿಂತಿರುಗಿದ ಮೊದಲ ಸುತ್ತಿನಲ್ಲೇ ಎಲ್ಲೋ ಒಂದು ಕೋಲಿನ ಏಟು ಕೇಳಿಸುವುದಿಲ್ಲ. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಹಗ್ಗ ಜಗ್ಗುತ್ತದೆ. ನೋಡಿದರೆ ಕೆಳಗೆ ಕೆಂಪು, ಅದರ ಮೇಲೆ ಹಸಿರು. ಒಳಗಿನಿಂದ ಬರಬೇಕಾದ ಹಸಿರು ಹಗ್ಗ ಹೊರಗಿನಿಂದ ಬಂದಿದೆ.

"ಸೇತುರಾಮ್ರ, ಹೆಂಡ್ತಿ ಹಗ್ಗಾ ಬಿಡವಲ್ಲರಲ್ರೀ ನೀವು" ಎಂದು ಗುರುಬಸಪ್ಪ ಮೊದಲ ದಿನ ನಗೆಯಾಡಿದರು. ಮೂರನೆಯ ಸಲ ನಗೆ ಇರಲಿಲ್ಲ. "ಮರ್ತ್ರೇನ್ರೀ?"

"ಮರೆತೆ ಅಂತ ಕಾಣುತ್ತೆ" ಎಂದರು ಸೇತುರಾಮ.

ಆಮೇಲೆ ಎಲ್ಲರೂ ಅದನ್ನೇ ಕೇಳತೊಡಗಿದರು. ಮರೆತ್ರಾ ಸಾರ್? ಮರೆತುಬಿಟ್ರಾ? ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಗಂಟು ಇನ್ನೊಬ್ಬರ ಹಗ್ಗದಲ್ಲಿ ಬಿದ್ದಿದೆ ಎಂದು ಗೊತ್ತಾದಾಗ ಪ್ರತಿಯೊಬ್ಬರ ಮುಖದಲ್ಲೂ ಒಂದು ನಿರಾಳ ಕಾಣುತ್ತಿತ್ತು ಎನ್ನುತ್ತಾರೆ ಬೈರಮ್ಮ. ತಮ್ಮ ತಲೆ ಗಟ್ಟಿಯಿದೆಯೋ ಇಲ್ಲವೋ ಎಂಬ ಭಯ ಎಂಟು ಜನಕ್ಕೂ ಇತ್ತು. ರಾತ್ರಿ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕದವರು ಅಲ್ಲಿ ಯಾರಿದ್ದರು?

ಬೈರಮ್ಮನೂ ಅನುಮಾನ ಪಟ್ಟರು. ಗಂಟು ಬಿಡಿಸಿ ಬೆಳೆದ ಕೈ ಅವರದು. ಮೇಲೆ ಕೂತ ಹಗ್ಗದವನೇ ತಪ್ಪಿದವನು ಎಂಬುದು ಅವರಪ್ಪನ ಕಾಲದ ಲೆಕ್ಕ. ಅವರು ನಿಲ್ಲುವ ಜಾಗದಿಂದ ಮರದ ಹಿಂದಿನ ಮಗ್ಗುಲು ಕಾಣುವುದಿಲ್ಲ, ಬೆಳಕೂ ಇರುವುದಿಲ್ಲ. ಸುತ್ತುವವರ ಕಣ್ಣೆಲ್ಲ ತಮ್ಮ ತಮ್ಮ ಕಾಲಿನ ಮೇಲೆ. ಸೇತುರಾಮ ಮರದ ಹಿಂದಕ್ಕೆ ಸರಿಯಾಗಿಯೇ ಹೋಗುತ್ತಾರೆ, ಈಚೆ ಬರುವಾಗ ತಪ್ಪಿರುತ್ತಾರೆ. ಬೇಕೆಂದೇ ಮಾಡುತ್ತಿದ್ದಾರೋ ಎಂದೂ ಒಂದು ದಿನ ಅನ್ನಿಸಿತಂತೆ. ಇನ್ನೊಂದು ದಿನ ಗುರುಬಸಪ್ಪನವರೇ ಹಿಂದೆ ನಿಂತು ಕಾಲು ಅಡ್ಡ ಕೊಡುತ್ತಿದ್ದಾರೋ ಎಂದು ಮಣ್ಣಿನ ಮೇಲೆ ಚಪ್ಪಲಿ ಗುರುತು ನೋಡಿದರು.

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿದ ಬೆಳಿಗ್ಗೆಯೂ ಗಂಟು ಬಿತ್ತು. ಗುರುಬಸಪ್ಪ ಹಳದಿ ಹಗ್ಗವನ್ನು ಕೆಳಕ್ಕೆ ಬಿಟ್ಟು, "ಬೈರಮ್ಮ, ಹಿಂಗ ಆದ್ರ ನಾವ್ ಏಳೂ ಮಂದಿ ದಿನಾ ನಿಂತ ಗಂಟ್ ಬಿಡಸೂದ ಆತು. ಒಬ್ಬರ ಸಲುವಾಗಿ ಎಲ್ಲಾರ ಹೊತ್ತೂ ಹಾಳು" ಎಂದರು.

ಕಾತ್ಯಾಯಿನಿ ತಲೆ ತಗ್ಗಿಸಿದ್ದರು. "ಬೇಡ ಬಿಡಿ. ನಾಳೆಯಿಂದ ಇವರು ಮನೇಲೇ ಇರ್ಲಿ. ಇಲ್ಲಿ ಬಂದು ಎಲ್ಲರ ಕೈಲೂ ಅನ್ನಿಸ್ಕೊಳ್ಳೋದು ನಂಗೆ ನೋಡಕ್ಕಾಗಲ್ಲ."

"ಕೂತು ನೋಡ್ತೀನಿ ಕಾತು, ಬೆಂಚಿನ ಮೇಲೆ" ಎಂದರು ಸೇತುರಾಮ. ದೊಡ್ಡವರು ಮಗುವಿನ ಹಾಗೆ ಕೇಳಿದ್ದು ಬೈರಮ್ಮನಿಗೆ ಸಹಿಸಲಾಗಲಿಲ್ಲ. ಆದರೂ ಅವರ ಬಾಯಿಂದ ಬಂದ ಮಾತು ಬೇರೆ. "ಹೂಂ ಸಾರ್, ನಾಳೆ ಕೂತ್ಕೊಂಡು ನೋಡಿ. ಹಸಿರು ಹಗ್ಗ ನಾನು ಹಿಡೀತೀನಿ." ಆ ಮಾತು ಈಗಲೂ ತಮ್ಮನ್ನು ಚುಚ್ಚುತ್ತದೆ ಎನ್ನುತ್ತಾರೆ. "ಬಳೆ ಹೋದಾಗ ನನ್ ಸೆರಗು ನೋಡಿದ್ರಲ್ಲ, ನಾನೂ ಹಂಗೇ ಅವ್ರ ಮುಖ ನೋಡ್ಬುಟ್ಟೆ."

ಮಾರನೆಯ ಬೆಳಿಗ್ಗೆ ಸೇತುರಾಮ ಬೆಂಚಿನ ಮೇಲೆ ಕೂತರು. ಸ್ವೆಟರಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು, ಕೋಲನ್ನು ಮಾತ್ರ ಮಡಿಲಲ್ಲಿಟ್ಟುಕೊಂಡಿದ್ದರು. ಬೈರಮ್ಮ ಹಸಿರು ಹಗ್ಗ ಹಿಡಿದು ಅವರ ಜಾಗದಲ್ಲಿ ನಿಂತರು. ಹೆಣೆದರು. ಜಡೆ ಬಿಗಿಯಾಗಿ, ನುಣ್ಣಗೆ ಬಂತು. "ನೋಡ್ರಿ ಈಗ!" ಎಂದರು ಗುರುಬಸಪ್ಪ. ಎಲ್ಲರೂ ಹಿಂತಿರುಗಿದರು.

ಬೈರಮ್ಮ ಮರದ ಹಿಂದಿನ ಮಗ್ಗುಲಿಗೆ ಬಂದರು. ಎದುರಿಗೆ ಕಾತ್ಯಾಯಿನಿ. ಆದರೆ ಅವರು ಸುತ್ತುತ್ತಿರಲಿಲ್ಲ. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ಹೆಜ್ಜೆ ಒಳಸರಿದು, ಬಲ ಅಂಗೈಯನ್ನು ಅರಳಿಮರಕ್ಕೆ ಊರಿ, ಕಣ್ಣು ಮುಚ್ಚಿ ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ಅದೆಷ್ಟು ಹೊತ್ತು? ಒಂದು ಉಸಿರು ಎಳೆದು ಬಿಡುವಷ್ಟು. ಬೈರಮ್ಮ ಅವರನ್ನು ಒಳಗಿನಿಂದ, ಅವರಿಗೂ ಮರಕ್ಕೂ ನಡುವೆ ದಾಟಬೇಕಿತ್ತು. ದಾಟಲಿಲ್ಲ. ಕಾಲು ತಾನೇ ತಾನಾಗಿ ಬದಿಗೆ ಸರಿದು, ಅವರ ಬೆನ್ನ ಹಿಂದಿನಿಂದ ಸುತ್ತಿ ಮುಂದೆ ಹೋಯಿತು. ಕೈ ಮುಗಿದು ನಿಂತವರಿಗೂ ದೇವರಿಗೂ ನಡುವೆ ಯಾರಾದರೂ ಹಾಯುತ್ತಾರೆಯೇ? ಹುಟ್ಟಿದಾಗಿನಿಂದ ಗುಡಿಯಲ್ಲಿ ಹಾಯ್ದವರಲ್ಲ.

ನಾಲ್ಕು ಹೆಜ್ಜೆ. ಹಗ್ಗ ಜಗ್ಗಿತು. ಕೆಳಗೆ ಕೆಂಪು, ಮೇಲೆ ಹಸಿರು.

"ಏನ್ ಬೈರಮ್ಮ, ನಿನಗೂ ಮರವು ಸುರು ಆತೇನು?" ಎಂದರು ಗುರುಬಸಪ್ಪ. ಯಾರೋ ನಕ್ಕರು. ಬೈರಮ್ಮ ನಗಲಿಲ್ಲ. ಗಂಟನ್ನು ನೋಡಿದರು, ತಮ್ಮ ಕಾಲನ್ನು ನೋಡಿದರು, ಬೆಂಚಿನ ಕಡೆ ನೋಡಿದರು. ಸೇತುರಾಮ ಅಲ್ಲಿಂದಲೇ, "ನಂಗೂ ಅಲ್ಲೇ ಆಗ್ತಿತ್ತು ಬೋರಮ್ಮ" ಎಂದು ಕೂಗಿ ಹೇಳಿದರು.

ಎಲ್ಲರೂ ಹೋದ ಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ಕಾತ್ಯಾಯಿನಿ ಅವರನ್ನು ಬೈರಮ್ಮ ಹಿಡಿದು ನಿಲ್ಲಿಸಿದರು.

"ಅಮ್ಮ, ಮರದ ಹಿಂದೆ ನಿಂತ್ಕೊಂಡು ಏನ್ ಕೇಳ್ಕೊಳ್ತೀರಿ?"

ಕಾತ್ಯಾಯಿನಿ ಸುತ್ತಲೂ ನೋಡಿದರು. "ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಹಸಿರು ಹಗ್ಗ ಹಿಡಿದಿದ್ದೆನಲ್ಲ."

"ಹೆಣೆಯೋವಾಗ ನಂದು ಪ್ರದಕ್ಷಿಣೆ. ಬಿಚ್ಚೋವಾಗ ಅಪ್ರದಕ್ಷಿಣೆ ಆಗುತ್ತೆ. ಕಂಬ ಆದ್ರೆ ಸರಿ, ಅರಳಿಮರಕ್ಕೆ ಯಾರಾದ್ರೂ ಅಪ್ರದಕ್ಷಿಣೆ ಬರ್ತಾರಾ ಬೈರಮ್ಮ? ಅದೂ ಧನುರ್ಮಾಸ ಪೂರ್ತಿ? ಹೇಳಿದ್ರೆ ಗುರುಬಸಪ್ಪನವರು ನಗ್ತಾರೆ. ಇವರಿಗೆ ಮೊದಲೇ ಹೀಗಾಗಿದೆ. ನನ್ನಿಂದ ಇನ್ನೇನಾದ್ರೂ ಆದ್ರೆ? ಅದಕ್ಕೆ ಹಿಂದೆ ತಿರುಗಿದ ತಕ್ಷಣ ಒಂದು ಸಲ ಮುಟ್ಟಿ, ತಪ್ಪಾಯ್ತು, ಇವರ ತಲೆ ಕಾಪಾಡಪ್ಪಾ ಅಂತ ಕೇಳ್ಕೊಳ್ತೀನಿ. ಅಷ್ಟೇ."

"ಅಷ್ಟೇ ಅಮ್ಮ" ಎಂದರು ಬೈರಮ್ಮ. "ನೀವು ನಿಂತಿದ್ದಕ್ಕೆ ಅವ್ರು ಹಿಂದಿನಿಂದ ಹೋದ್ರು. ಹಿಂದಿನಿಂದ ಹೋಗಿದ್ದಕ್ಕೆ ಗಂಟಾಯ್ತು. ಗಂಟಾಗಿದ್ದಕ್ಕೆ ಅವ್ರ ತಲೆ ಕೆಟ್ಟೈತೆ ಅಂತ ನಾವೆಲ್ಲಾ ಹೇಳಿದ್ವಿ."

ಕಾತ್ಯಾಯಿನಿ ನಲ್ಲಿ ನಿಲ್ಲಿಸಲಿಲ್ಲ. ನೀರು ಹರಿಯುತ್ತಲೇ ಇತ್ತು. ಬೈರಮ್ಮನೇ ನಿಲ್ಲಿಸಿದರು.

ಬೇಕಿದ್ದರೆ ಅಷ್ಟಕ್ಕೇ ಮುಗಿಸಬಹುದಿತ್ತು. ಅರಳಿಮರದಲ್ಲಿ ಇರುವೆ ಗೂಡು ಕಟ್ಟಿದೆ ಎಂದು ಸುಳ್ಳು ಹೇಳಿ ಹಗ್ಗ ಬೇರೆ ಕಡೆ ಕಟ್ಟುತ್ತೇನೆ ಎಂದು ಬೈರಮ್ಮ ಹೇಳಿದ್ದರು. ಒಪ್ಪದವರು ಕಾತ್ಯಾಯಿನಿ. ಮಾರನೆಯ ಬೆಳಿಗ್ಗೆ ಗಂಡನ ಕೈ ಹಿಡಿದು ಬಂದು ಎಲ್ಲರೆದುರಿಗೂ ನಿಂತರು. "ಇವರು ಏನೂ ಮರೆತಿಲ್ಲ. ತಪ್ಪು ನಂದು" ಎಂದು ನಡೆದದ್ದನ್ನೆಲ್ಲ ಹೇಳಿದರು. ಸೀತಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಹಂಗಿದ್ರ ಸೇತುರಾಮ್ರ, ನೀವ್ಯಾಕ ಹೇಳ್ಲಿಲ್ಲ?" ಎಂದು ಗುರುಬಸಪ್ಪ ಕೇಳಿದರು. ಅವರ ಕಣ್ಣಿನಲ್ಲಿ ಇನ್ನೂ ಟಿಕೆಟ್ ಕೇಳುವ ನೋಟ.

ಸೇತುರಾಮ ಸ್ವಲ್ಪ ಯೋಚಿಸಿದರು. "ಯಾಕೆ ಹೊರಗಿನಿಂದ ಹೋದ್ರಿ ಅಂತ ಯಾರೂ ಕೇಳ್ಲಿಲ್ಲ ಸಾರ್. ಮರೆತ್ರಾ ಅಂತ ಕೇಳಿದ್ರಿ. ಇಷ್ಟು ಜನ ಹೇಳ್ತಾರಲ್ಲ, ಮರೆತೇ ಇರ್ಬೇಕು ಅನ್ಕೊಂಡೆ."

ಬೈರಮ್ಮ ಏಣಿ ಹೊತ್ತುಕೊಂಡು ಹೊಂಗೆಮರದ ಕಡೆ ನಡೆದರು. "ಇದಕ್ಕೆ ಯಾರೂ ಕೈ ಮುಗಿಯಲ್ಲ ತಾನೇ? ಈಗ್ಲೇ ಹೇಳ್ಬುಡಿ, ಕಟ್ಟಿದ ಮೇಲೆ ಇಳ್ಸೋಕಾಗಲ್ಲ."

"ನೋಡೂಣು, ಹೊಂಗಿ ಗಿಡದಾಗ ಗೊತ್ತಾಗ್ತದ ಯಾರ ತಲಿ ಹೆಂಗೈತಿ ಅಂತ" ಎಂದರು ಗುರುಬಸಪ್ಪ. ಅವರಿಗೆ ಅನುಮಾನ ಹೋಗಿರಲಿಲ್ಲ.

ಹೊಂಗೆಮರದಲ್ಲಿ ಗಂಟು ಬೀಳಲಿಲ್ಲ. ಶಿವರಾತ್ರಿ ಕಳೆಯಿತು, ಯುಗಾದಿ ಬಂತು. ಹೊಂಗೆ ಚಿಗುರಿ, ಹೂವುದುರಿ, ಗುಡಿಸುವ ಕೆಲಸ ಎರಡರಷ್ಟಾಯಿತು. ಸೇತುರಾಮ ಹಸಿರು ಹಗ್ಗ ಹಿಡಿದು ಉದುರಿದ ಹೂವಿನ ಮೇಲೆ ಸುತ್ತಿದರು. ಅವರ ಮರೆವು ಹೋಗಿದೆ ಎಂದು ಬೈರಮ್ಮ ಹೇಳುವುದಿಲ್ಲ. "ಕೋಲಾಟ ಮರೆವಿಗೆ ಮದ್ದು ಅಂತ ಯಾರಾದ್ರೂ ಹೇಳಿದ್ರೆ ಅವ್ರು ಏನೋ ಮಾರೋಕೆ ಬಂದವ್ರೆ ಅಂತ ತಿಳ್ಕೊಳ್ಳಿ. ನಂಗೆ ಇವತ್ತೂ ಭಾಗ್ಯಮ್ಮ ಅಂತಾನೇ ಅಂದ್ರು. ಆದ್ರೆ ಮುಂಚೆ ಬೆಂಚ್ ಹಿಡ್ಕೊಂಡು ಏಳ್ತಿದ್ರು, ಈಗ ಏನೂ ಹಿಡೀದೆ ಏಳ್ತಾರೆ. ನನ್ ಹೆಸ್ರು ತಪ್ಪಾಗಿ ಹೇಳ್ಬುಟ್ಟು ತಾವೇ ನಗ್ತಾರೆ. ಮುಂಚೆ ನಗ್ತಿರ್ಲಿಲ್ಲ." ಮನೆಯ ಗೇಟಿನ ಬೀಗವೂ ಬೆಳಗಿನ ಹೊತ್ತು ತೆಗೆದಿರುತ್ತದೆ. ಪಾರ್ಕಿನವರೆಗೆ ಅವರು ಮುಂದೆ, ಹೆಂಡತಿ ಹತ್ತು ಮಾರು ಹಿಂದೆ.

ಮತ್ತೆ ಗಂಟು ಬಿದ್ದದ್ದು ಈ ಮೇ ತಿಂಗಳಲ್ಲಿ, ಕಳೆದ ಶನಿವಾರ. ಈ ಸಲ ಮೇಲೆ ಕೂತಿದ್ದು ಹಳದಿ ಹಗ್ಗ.

ಗುರುಬಸಪ್ಪ ಮೊದಲು ಮರದ ಹಿಂದಕ್ಕೆ ಹೋಗಿ ನೋಡಿದರು. "ಯಾರು ಕೈ ಮುಗದ್ರಿ ಇದಕ್ಕ?" ಎಂದು ಕೇಳಿದರು. ಯಾರೂ ಮುಗಿದಿರಲಿಲ್ಲ. ಹೊಂಗೆಮರ ಹೊಂಗೆಮರವಾಗಿಯೇ ನಿಂತಿತ್ತು. ಸೇತುರಾಮ ಉಗುರಿನಿಂದ ಗಂಟು ಸಡಿಲಿಸುತ್ತಾ, "ಆಗುತ್ತೆ ಬಿಡಿ ಸಾರ್" ಎಂದರು. ಭಾನುವಾರವೂ ಬಿತ್ತು, ಅದೇ ಹಳದಿ ಹಗ್ಗ. ಮರೆತ್ರಾ ಎಂದು ಯಾರೂ ಕೇಳಲಿಲ್ಲ. ಆ ಮಾತನ್ನು ಎಲ್ಲರೂ ನಾಲಿಗೆ ಕಚ್ಚಿ ಹಿಡಿದಿದ್ದರು. ಆದರೆ ಯಾಕೆ ಹಂಗೆ ಹೋದಿರಿ ಎಂದೂ ಕೇಳಲಿಲ್ಲ. ಗುರುಬಸಪ್ಪ ಕೋಲನ್ನು ಬೆಂಚಿನ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು, ಯಾರ ಮುಖವನ್ನೂ ನೋಡದೆ ಹೋದರು.

"ಅವ್ರು ನನ್ನ ಎಲೆಕ್ಷನ್ನೋರು ಅಂತ ಅಂದವ್ರು. ಸೇತುರಾಮ್ ಸಾರ್ಗೆ ಏನೇನೋ ಅಂದವ್ರು" ಎನ್ನುತ್ತಾರೆ ಬೈರಮ್ಮ, ಹಗ್ಗಗಳನ್ನು ಒಂದೊಂದಾಗಿ ಸುತ್ತಿ ಚೀಲಕ್ಕೆ ತುಂಬುತ್ತಾ. "ಆದ್ರೂ ನಂಗೆ ಅನುಮಾನ, ಅವ್ರು ಸುಮ್ನೆ ತಪ್ಪಿದ್ದಲ್ಲ. ಏನೋ ಒಂದು ಇರ್ಬೇಕು. ಕಾಲು ನೋವೋ, ಮನೇಲಿ ಏನೋ. ನಾವು ಕೇಳ್ಬೇಕಿತ್ತು. ನಿಜವಾಗ್ಲೂ ಮರ್ತಿದ್ರೂ ಏನಾಯ್ತು? ಗಂಟು ಬಿಡ್ಸೋಕೆ ನಾನಿದೀನಲ್ಲ, ಚಿಕ್ಕೋಳಿದ್ದಾಗಿಂದ ಅದೇ ಕೆಲ್ಸ. ಬಿಟಿಎಂ ಕಡೆಯಿಂದ ಯಾರಾದ್ರೂ ಬಂದ್ರೆ ಕೇಳ್ತಾನೇ ಇದೀನಿ. ಬರ್ಲಿ ಅಂತ ಹೇಳಿ. ಅಷ್ಟೇ ನನ್ ಆಸೆ."

ಜಡೆಗೆ ಎಂಟು ಕೈ ಬೇಕು. ಹಳದಿ ಹಗ್ಗವನ್ನು ಬೈರಮ್ಮ ಬೇರೆ ಯಾರಿಗೂ ಕೊಟ್ಟಿಲ್ಲ. ತಾವೇ ಹಿಡಿದು ಸುತ್ತುತ್ತಾರೆ. ಒಳಗೆ, ಹೊರಗೆ ಎಂದು ಕೂಗುವ ಕೆಲಸವನ್ನು ಹಸಿರು ಹಗ್ಗ ಹಿಡಿದ ಸೇತುರಾಮ ಮಾಡುತ್ತಾರೆ. ಕೋಲು ಇನ್ನೂ ಬೆಂಚಿನ ಮೇಲಿದೆ. ಬೈರಮ್ಮ ಅದರ ಸುತ್ತ ಗುಡಿಸುತ್ತಾರೆ, ಅದನ್ನು ಎತ್ತುವುದಿಲ್ಲ. ಗುರುಬಸಪ್ಪನವರು ಅದನ್ನು ಬಿಟ್ಟು ಹೋದದ್ದು ಭಾನುವಾರ, ಇವತ್ತು ಶುಕ್ರವಾರ.